ಪುಟ ನೂರಾ ಹನ್ನೆರಡು

ಕಾರೇಕಟ್ಟಿ, ಹಗರಿಬೊಮ್ಮನಹಳ್ಳಿ ತಾಲೂಕು
11 ಮಾರ್ಚ್ 2024

ಕೀರ್ತನಾ,

ಎಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀ, ಕೊನೆಗೆ ನಾನೇ ನಿನ್ನ ಕ್ಷಮೆ ಕೇಳಿ ಇಟ್ಟಿರುತ್ತೇನೆ. ಕಾಗದವಾದರೆ ಬರೆದದ್ದು ಬರೆದ ಹಾಗೇ ಇರುತ್ತದೆ.

ನಾನು ಈಗಲೂ ನಮ್ಮೂರ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೇನೆ. ಹೋದ ವಾರ ಸರ್ಕಾರದಿಂದ ಎರಡು ಪೆಟ್ಟಿಗೆ ಪುಸ್ತಕ ಬಂದವು. ಒಂದೊಂದಕ್ಕೂ ಮುದ್ರೆ ಒತ್ತಿ, ನೋಂದಣಿ ಪುಸ್ತಕದಲ್ಲಿ ಬರೆದು, ಬೆನ್ನಿಗೆ ನಂಬರ್ ಅಂಟಿಸುವುದು ನನ್ನ ಕೆಲಸ. ಮೂರನೆಯ ಪುಸ್ತಕ ತೆಗೆದರೆ ಅದರ ಹಿಂದಿನ ರಟ್ಟಿನ ಮೇಲೆ ನೀನು ನಗುತ್ತಿದ್ದೆ. ‘ಸಾರ್ವಜನಿಕ ಸಂಪರ್ಕ ಮತ್ತು ರಾಜಕೀಯ ಸಂವಹನ: ಬಿಕ್ಕಟ್ಟಿನಿಂದ ಹೊರಬರುವ ಬಗೆ. ಡಾ. ಕೀರ್ತನಾ, ಪ್ರಾಧ್ಯಾಪಕರು.’ ಸುಳ್ಳು ಯಾಕೆ, ನನಗೆ ಹೆಮ್ಮೆಯಾಯಿತು. ಮನೆಗೆ ಒಯ್ದು ಅಪ್ಪನಿಗೆ ತೋರಿಸಿದೆ. ಅವನು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, “ಕೂಸು ಸೊರಗ್ಯಾಳಲ್ಲಲೇ” ಅಂದ.

ಆಮೇಲೆ ಓದಲು ಕೂತೆ. ಪುಟ 112. ‘ಪ್ರಕರಣ ನಾಲ್ಕು: ಹನ್ನೊಂದು ದಿನಗಳಲ್ಲಿ ನಾಯಕನ ವರ್ಚಸ್ಸು ಮರಳಿದ್ದು.’ ಒಂದು ಹಳ್ಳಿ, ವಾಂತಿಭೇದಿ, ಒಂದು ಮಗುವಿನ ಸಾವು. ನೀರಿನ ಪೈಪನ್ನು ಚರಂಡಿಯೊಳಗೇ ಹಾಯಿಸಿದ ಗುತ್ತಿಗೆದಾರನೇ ಚುನಾವಣೆಗೆ ನಿಂತವನು. ಅಲ್ಲಿ ನೀನು ಬರೆದಿದ್ದೀ: ‘ಇಂಥ ಹೊತ್ತಿನಲ್ಲಿ ಜನರ ಸಿಟ್ಟನ್ನು ಆರಿಸಲು ಹೋಗಬಾರದು, ಅದಕ್ಕೆ ಬೇರೊಂದು ಮುಖ ತೋರಿಸಬೇಕು. ಕುಡಿಯುವ ನೀರಿನ ಕಟ್ಟೆಯಲ್ಲಿ ಕುರಿಗಾಹಿಯೊಬ್ಬ ಕುರಿಗಳ ಮೈ ತೊಳೆದನೆಂಬ ಮಾತು ಹಬ್ಬಿದ ಮೇಲೆ ನಾಯಕನ ಮೇಲಿನ ಆರೋಪ ತಾನಾಗಿ ತಣ್ಣಗಾಯಿತು. ಕುರಿಗಾಹಿಯ ಮೌನವು ಒಪ್ಪಿಗೆಯಾಗಿ ಕೆಲಸ ಮಾಡಿತು.’

ಆ ಚುನಾವಣೆಯಲ್ಲಿ ನೀನು ಆ ಗುತ್ತಿಗೆದಾರ ಚನ್ನಬಸವನಿಗೆ ಸಲಹೆ ಕೊಡಲು ಬಂದಿದ್ದೀ ಅಂತ ನಮಗೆಲ್ಲ ಗೊತ್ತಿತ್ತು. ಸಲಹೆ ಅಂದರೆ ಭಾಷಣ ಬರೆದುಕೊಡುವುದು ಅಂತ ತಿಳಿದಿದ್ದೆ. ಆ ಕುರಿಗಾಹಿ ನಮ್ಮಪ್ಪ ಯರ್ರೆಪ್ಪ, ನಿನ್ನ ದೊಡ್ಡಪ್ಪ. ನಿಮ್ಮಪ್ಪ ಹಾವು ಕಚ್ಚಿ ತೀರಿಕೊಂಡಾಗ ನಿನ್ನನ್ನೂ ನಿನ್ನ ತಮ್ಮ ಮೈಲಾರೇಶನನ್ನೂ ತನ್ನ ಕಂಬಳಿಯೊಳಗೆ ಹಾಕಿಕೊಂಡು ಸಾಕಿದವನು. ನಿನ್ನ ಪುಸ್ತಕದಲ್ಲಿ ಅವನಿಗೆ ಹೆಸರಿಲ್ಲ, ಅದಕ್ಕೇ ಬರೆದು ತಿಳಿಸುತ್ತಿದ್ದೇನೆ.

ಎಂಟು ವರ್ಷದಿಂದ ಈ ಊರಲ್ಲಿ ಯಾರೂ ತಮ್ಮ ಹೊಲದಲ್ಲಿ ಅವನ ಕುರಿ ನಿಲ್ಲಿಸಿಕೊಂಡಿಲ್ಲ. ಗೊಬ್ಬರಕ್ಕಾಗಿ ಮನೆ ಬಾಗಿಲಿಗೆ ಬಂದು ಕರೆಯುತ್ತಿದ್ದವರೇ ಈಗ ಬೇಲಿ ಹಾಕುತ್ತಾರೆ. ಆ ವಾಂತಿಭೇದಿಯಲ್ಲಿ ಮೊಮ್ಮಗಳನ್ನು ಕಳೆದುಕೊಂಡ ಪಂಪಮ್ಮ ಅವನು ಎದುರಾದರೆ ಉಗಿದು ಮುಂದೆ ಹೋಗುತ್ತಾಳೆ. ಅಪ್ಪನಿಗೆ ಎಪ್ಪತ್ತನಾಲ್ಕು, ಎದೆಯಲ್ಲಿ ಕಫ ಕಟ್ಟಿದೆ, ಡಾಕ್ಟರು ಹೆಚ್ಚು ದಿನ ಹೇಳಿಲ್ಲ. ಒಂದು ಭಾನುವಾರ ಬೀರಲಿಂಗನ ಗುಡಿಗೆ ಬಾ. ಅವನ ಕುರಿ ನೀರಿಗೆ ಇಳಿದಿರಲಿಲ್ಲ ಅಂತ ಹತ್ತು ಜನರ ಮುಂದೆ ಹೇಳು. ಹತ್ತು ನಿಮಿಷದ ಕೆಲಸ. ಆ ಪುಟವನ್ನೂ ತಿದ್ದು. ಅವನು ಕಳಂಕ ಹೊತ್ತು ಮಣ್ಣಿಗೆ ಹೋಗಬಾರದು.

ನಿನ್ನ ಅಕ್ಕ,
ರೋಜಾ


ಸಂವಹನ ಅಧ್ಯಯನ ವಿಭಾಗ, ವಿಶ್ವವಿದ್ಯಾಲಯ ಆವರಣ
2 ಏಪ್ರಿಲ್ 2024

ಪ್ರೀತಿಯ ರೋಜಕ್ಕನಿಗೆ,

ನಿನ್ನ ಕಾಗದ ಓದಿ ಮನಸ್ಸು ಭಾರವಾಯಿತು. ದೊಡ್ಡಪ್ಪನ ಆರೋಗ್ಯದ ಬಗ್ಗೆ ಮೊದಲೇ ತಿಳಿಸಬೇಕಿತ್ತು. ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ನನಗೆ ಪರಿಚಯದವರಿದ್ದಾರೆ.

ಪುಸ್ತಕದ ವಿಷಯ. ಅದು ವಿದ್ಯಾರ್ಥಿಗಳಿಗಾಗಿ ಬರೆದ ಪಠ್ಯ. ಅದರ ಪ್ರಕರಣಗಳು ಹಲವು ಊರುಗಳ ಅನುಭವವನ್ನು ಕೂಡಿಸಿ ಮಾಡಿದವು. ಎಲ್ಲಿಯೂ ಊರಿನ ಹೆಸರಿಲ್ಲ, ವ್ಯಕ್ತಿಯ ಹೆಸರಿಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಕುರಿ ಕಾಯುವವರು ಎಷ್ಟು ಸಾವಿರ ಜನ ಇದ್ದಾರೆ, ನೀನೇ ಹೇಳು. ಓದುಗರು ಒಂದೊಂದು ಸಾಲಿನಲ್ಲೂ ತಮ್ಮ ಮನೆಯವರನ್ನೇ ಹುಡುಕಿಕೊಂಡರೆ ಬರೆಯುವವರು ಏನು ಮಾಡಬೇಕು?

ಊರವರು ದೊಡ್ಡಪ್ಪನನ್ನು ನಡೆಸಿಕೊಂಡ ರೀತಿಗೆ ನನಗೆ ನಿಜಕ್ಕೂ ವಿಷಾದವಿದೆ. ಆದರೆ ಅದು ಊರವರ ತಪ್ಪು. ಈ ತಿಂಗಳು ಮೂರು ಸಮ್ಮೇಳನಗಳಿವೆ, ಬರಲಾಗುವುದಿಲ್ಲ. ದೊಡ್ಡಪ್ಪನಿಗೆ ಒಂದು ಕಾಶ್ಮೀರಿ ಶಾಲು ಕಳಿಸಿದ್ದೇನೆ. ಆ ಚುಚ್ಚುವ ಕಂಬಳಿ ಬಿಡಿಸಿ ಇದನ್ನು ಹೊದಿಸು. ಮೆತ್ತಗಿದೆ.

ನಿನ್ನವಳೇ ಆದ,
ಕೀರ್ತನಾ


ಕಾರೇಕಟ್ಟಿ
21 ಏಪ್ರಿಲ್ 2024

ಕೀರ್ತನಾ,

ಶಾಲು ಬಂತು. ಅಪ್ಪ ಬೆರಳಲ್ಲಿ ಹಿಂಡಿ ನೋಡಿ, “ಚಲೋ ಉಣ್ಣಿ, ಆದ್ರ ನಮ್ಮ ಕಡಿ ಕುರಿದಲ್ಲ” ಅಂತ ಮಡಚಿ ಇಟ್ಟ. ಕಂಬಳಿ ಚುಚ್ಚುತ್ತದೆ ಅಂತ ನಿನಗೆ ಯಾವಾಗಿನಿಂದ ಅನಿಸಲು ಶುರುವಾಯಿತೋ ಗೊತ್ತಿಲ್ಲ. ಒಂಬತ್ತು ವರ್ಷದವರೆಗೆ ನೀನು ಅದರೊಳಗೇ ಉಚ್ಚೆ ಹೊಯ್ದು ಮಲಗುತ್ತಿದ್ದೆ. ಅಪ್ಪ ಬೆಳಿಗ್ಗೆ ಯಾರಿಗೂ ತಿಳಿಯದ ಹಾಗೆ ಹಳ್ಳಕ್ಕೆ ಒಯ್ದು ತೊಳೆಯುತ್ತಿದ್ದ. ನನಗೆ ಮಾತ್ರ ಗೊತ್ತಿತ್ತು.

ನಿನ್ನ ಪುಸ್ತಕವನ್ನು ಪೂರ್ತಿ ಓದಿದೆ. ಆರನೆಯ ಅಧ್ಯಾಯ ಚೆನ್ನಾಗಿದೆ. ಆರೋಪ ಬಂದಾಗ ಹತ್ತಬೇಕಾದ ಐದು ಮೆಟ್ಟಿಲು. ಮೊದಲು ನಿರಾಕರಿಸು. ಆಮೇಲೆ ತಪ್ಪನ್ನು ಇನ್ನೊಬ್ಬರ ಮೇಲೆ ಸರಿಸು. ಆಮೇಲೆ ಏನಾದರೂ ಕೊಟ್ಟು ಸಮಾಧಾನ ಮಾಡು. ಆಮೇಲೆ ‘ಗೊತ್ತಿರಲಿಲ್ಲ’ ಎನ್ನು. ಬೇರೆ ದಾರಿಯೇ ಇಲ್ಲದಾಗ ಮಾತ್ರ, ಕೊನೆಯದಾಗಿ, ತಪ್ಪೊಪ್ಪಿಕೋ. ನಿನ್ನ ಒಂದು ಪುಟದ ಕಾಗದದಲ್ಲಿ ಮೂರು ಮೆಟ್ಟಿಲು ಹತ್ತಿ ಮುಗಿಸಿದ್ದೀ. ಮನೆಯವರಿಗೂ ಪಾಠದ ಪ್ರಕಾರವೇ ಬರೆಯುವ ಶಿಸ್ತು ಬಂದಿದೆಯಲ್ಲ, ಮೆಚ್ಚಬೇಕು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಎಂಟು ವರ್ಷದ ಹಿಂದೆ ಆ ಮಾತು ಹಬ್ಬಿದ ಮೇಲೆ, ಬೀರಲಿಂಗನ ಗುಡಿಯ ಮುಂದೆ ಕರಿ ಕಂಬಳಿ ಹಾಸಿ, ಅದರ ಮೇಲೆ ದೇವರ ಅರಿಸಿನ ಭಂಡಾರದ ತಟ್ಟೆ ಇಟ್ಟು ಅಪ್ಪನನ್ನು ಕೂರಿಸಿದರು. ಇಡೀ ಊರು ನಿಂತಿತ್ತು. “ಯರ್ರೆಪ್ಪ, ಭಂಡಾರ ಮುಟ್ಟಿ ಇಲ್ಲ ಅನ್ನು, ಬಿಟ್‌ಬಿಡ್ತೀವಿ” ಅಂದರು ಹಿರಿಯರು. ಒಂದು ಮಾತು. ನಮ್ಮಲ್ಲಿ ಭಂಡಾರ ಮುಟ್ಟಿ ಹೇಳಿದ ಮೇಲೆ ಕೋರ್ಟಿನವರೂ ಎದುರು ಮಾತಾಡುವುದಿಲ್ಲ. ಅಪ್ಪ ತಟ್ಟೆಯನ್ನೇ ನೋಡುತ್ತ ಕೂತ. ನಾನು ಹಿಂದಿನಿಂದ, “ಮುಟ್ಟಪ್ಪ, ಮುಟ್ಟು” ಅಂತ ಅಂಗಲಾಚಿದೆ. ಹೊತ್ತು ಏರಿತು. ಅವನು ಕೈ ಚಾಚಲಿಲ್ಲ. ಕೊನೆಗೆ ಪಂಪಮ್ಮ, “ಮುಟ್ಟಾಕ ಆಗವಲ್ದು ನೋಡ್ರಿ, ಕೈ ಸುಡ್ತೈತಿ ಅಂವಗ” ಅಂದಳು. ಅಲ್ಲಿಗೆ ತೀರ್ಮಾನವಾಯಿತು.

ಯಾಕೆ ಮುಟ್ಟಲಿಲ್ಲ ಅಂತ ಎಂಟು ವರ್ಷ ಕೇಳಿದ್ದೇನೆ. ಹೇಳಿಲ್ಲ. ಆ ಮೌನವನ್ನೇ ನೀನು ಒಂದು ಸಾಲಿನಲ್ಲಿ ಮಾರಿಕೊಂಡಿದ್ದೀ.

ಈ ಕಾಗದದೊಳಗೆ ಒಂದು ಪೊಟ್ಟಣ ಇದೆ. ಬೀರಲಿಂಗನ ಭಂಡಾರ. ಅದನ್ನು ಮುಟ್ಟಿ ಒಂದು ಸಾಲು ಬರೆ. ಅಪ್ಪನ ಹೆಸರು ಯಾರು ಹೇಳಿದರು, ಅಷ್ಟು ಸಾಕು.

ರೋಜಾ


ವಿಶ್ವವಿದ್ಯಾಲಯ ಆವರಣ
15 ಜೂನ್ 2024

ಅಕ್ಕ,

ತಡವಾಯಿತು. ಪೇಪರಿನಲ್ಲಿ ನೋಡಿರಬಹುದು, ಕುಲಪತಿ ಹುದ್ದೆಯ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಶೋಧನಾ ಸಮಿತಿ ಮೂರು ಹೆಸರು ಆರಿಸುತ್ತದೆ. ಕುರಿ ಕಾಯುವವರ ಮನೆಯಿಂದ ಒಬ್ಬ ಹೆಂಗಸು ಅಲ್ಲಿಯವರೆಗೆ ಹೋದದ್ದು ಸಣ್ಣ ಮಾತಲ್ಲ. ನಮ್ಮ ವಿಭಾಗದಲ್ಲಿ ಮೊದಲ ಐದು ವರ್ಷ ನನ್ನ ಬೆನ್ನ ಹಿಂದೆ ಕುರಿಯ ಹಾಗೆ ಬ್ಯಾ ಅನ್ನುತ್ತಿದ್ದರು, ಅಕ್ಕ. ನಾನು ಯಾರಿಗೂ ಹೇಳಿಲ್ಲ.

ಭಂಡಾರ ತಲುಪಿತು. ಹಣೆಗೆ ಹಚ್ಚಿಕೊಂಡೆ. ಅದನ್ನು ಮುಟ್ಟಿಯೇ ಈ ಸಾಲು ಬರೆಯುತ್ತಿದ್ದೇನೆ: ನಾನು ಚನ್ನಬಸವನಿಗೆ ಬೇರೆ ಕಾರಣ ಹುಡುಕಲು ಹೇಳಿದೆ, ನಿಜ. ಅವರು ಹುಡುಕಿದ ಆ ಕುರಿಗಾಹಿ ದೊಡ್ಡಪ್ಪ ಎಂದು ನನಗೆ ಗೊತ್ತಿರಲಿಲ್ಲ.

ಇನ್ನಾದರೂ ನಿನ್ನ ಮನಸ್ಸು ತಿಳಿಯಾಗಲಿ. ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ನಿನಗೆ ಬೇಕಾಗಿರುವುದು ದೊಡ್ಡಪ್ಪನ ಹೆಸರು ಉಳಿಯುವುದೋ, ನನ್ನ ಹೆಸರು ಹೋಗುವುದೋ?

ಕೀರ್ತನಾ


ಕಾರೇಕಟ್ಟಿ
24 ಜೂನ್ 2024

ಕೀರ್ತನಾ,

ನಾಲ್ಕನೆಯ ಮೆಟ್ಟಿಲನ್ನೂ ಹತ್ತಿದ್ದೀ, ‘ಗೊತ್ತಿರಲಿಲ್ಲ’.

ಭಂಡಾರದ ಕೆಲಸ ನಿನಗೆ ಮರೆತೇಹೋಗಿದೆ. ಒಮ್ಮೆ ಮುಟ್ಟಿದರೆ ಬೆರಳ ಸಂದಿಯಿಂದ ಎರಡು ದಿನ ಹೋಗುವುದಿಲ್ಲ. ಬಾಗಿಲ ಚಿಲಕ, ಲೋಟ, ಸೀರೆಯ ಸೆರಗು, ಎಲ್ಲದಕ್ಕೂ ಹತ್ತುತ್ತದೆ. ಚಿಕ್ಕವಳಿದ್ದಾಗ ಗುಡಿಯಿಂದ ಬಂದು ನೀನು ಶಾಲೆಯ ಪುಸ್ತಕ ಮುಟ್ಟಿ, ಹಾಳೆ ಹಾಳೆಗೂ ಹಳದಿ ಬೆರಳು ಮೂಡಿಸಿ ಮಾಸ್ತರ ಕೈಯಲ್ಲಿ ಹೊಡೆತ ತಿಂದಿದ್ದೆ. ನಿನ್ನ ಈ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಿಂದೆ ಮುಂದೆ ತಿರುಗಿಸಿದೆ. ಲಕೋಟೆಯನ್ನು ಬಿಚ್ಚಿ ಒಳಗೂ ನೋಡಿದೆ. ಒಂದು ಹಳದಿ ಚುಕ್ಕೆ ಇಲ್ಲ. ಯಂತ್ರದಲ್ಲಿ ಅಚ್ಚು ಹಾಕಿಸಿದ ಅಕ್ಷರಕ್ಕೆ ಸಹಿ ಮಾಡಿ ಕಳಿಸಿದ್ದೀ, ಪೊಟ್ಟಣ ಬಿಚ್ಚಿಯೇ ಇಲ್ಲ.

ಆಣೆ ಮಾಡಲು ಹೆದರುವವರು ಸುಳ್ಳರೇ. ಅಷ್ಟು ತಿಳಿಯಲು ನನಗೆ ಡಾಕ್ಟರೇಟ್ ಬೇಕಿಲ್ಲ. ನಿನಗೆ ಗೊತ್ತಿತ್ತು.

ನಿನ್ನ ಪ್ರಶ್ನೆಗೆ ಉತ್ತರ. ಎರಡೂ ಬೇಕು. ನೀನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅಪ್ಪ ನನ್ನ ಡಿಗ್ರಿ ಬಿಡಿಸಿದ. “ಅಪ್ಪಿಲ್ಲದ ಕೂಸು, ಅಕಿ ಓದ್ಲಿ. ನೀ ಮನ್ಯಾಗ ಅದೀ” ಅಂದ. ನೀನು ಕೊಟ್ಟೂರಿನ ಹಾಸ್ಟೆಲ್ಲಿಗೆ ಹೋದೆ, ನಾನು ಕುರಿ ಹಟ್ಟಿ ಗುಡಿಸಿದೆ. ಹೊಟ್ಟೆಕಿಚ್ಚು ಅನ್ನು, ಒಪ್ಪುತ್ತೇನೆ. ಉಂಡ ಮನೆಗೆ ಎರಡು ಬಗೆಯುವವಳಿಗಿಂತ ಹೊಟ್ಟೆಕಿಚ್ಚಿನವಳು ವಾಸಿ.

ಶೋಧನಾ ಸಮಿತಿಯ ವಿಳಾಸ ಪೇಪರಿನಲ್ಲಿತ್ತು, ಬರೆದಿಟ್ಟುಕೊಂಡಿದ್ದೇನೆ. ಪುಟ 112 ಮತ್ತು ನಿನ್ನ ಎರಡು ಕಾಗದಗಳ ಜೆರಾಕ್ಸ್ ತೆಗೆಸಿದ್ದೇನೆ. ಶ್ರಾವಣ ಮುಗಿಯುವುದರೊಳಗೆ ಒಂದು ಭಾನುವಾರ ಗುಡಿಗೆ ಬಾ. ಬರದಿದ್ದರೆ ಅವು ಹೋಗುತ್ತವೆ.

ಅಪ್ಪ ಈಗ ಹಟ್ಟಿಯವರೆಗೆ ನಡೆದರೂ ಏದುಸಿರು ಬಿಡುತ್ತಾನೆ. ಉಳಿದಿರುವ ಹನ್ನೊಂದು ಕುರಿಗಳನ್ನು ಮಂಚದ ಹತ್ತಿರ ಹೊಡೆಸಿಕೊಂಡು ನೋಡುತ್ತಾನೆ. ಪಂಪಮ್ಮ ಇತ್ತೀಚೆಗೆ ಉಗಿಯುವುದನ್ನು ಬಿಟ್ಟಿದ್ದಾಳೆ. ಹೋದ ವಾರ ಒಂದು ಚೊಂಬು ಮಜ್ಜಿಗೆ ತಂದು ಕಟ್ಟೆಯ ಮೇಲಿಟ್ಟು, ಮಾತಾಡದೆ ಹೋದಳು. ಅಪ್ಪ ಅದನ್ನು ಕುಡಿಯಲಿಲ್ಲ, ಎದುರಿಗೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ.

ರೋಜಾ


9 ಆಗಸ್ಟ್ 2024

ಅಕ್ಕ,

ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಪೊಟ್ಟಣ ಬಿಚ್ಚಿದ್ದೇನೆ. ಹೆಬ್ಬೆರಳು, ತೋರುಬೆರಳು ಹಳದಿಯಾಗಿವೆ. ಕಾಗದದ ಅಂಚು ನೋಡಿಕೋ.

ಗೊತ್ತಿತ್ತು. ಹೆಸರು ಹೇಳಿದವಳೇ ನಾನು.

ಚನ್ನಬಸವನ ಮನೆಯ ಮಾಳಿಗೆಯ ಮೇಲೆ ಆರು ಜನ ಗಂಡಸರ ನಡುವೆ ಕೂತಿದ್ದೆ. ಆಗ ನಾನು ಪ್ರಾಧ್ಯಾಪಕಿಯಾಗಿ ಎರಡು ವರ್ಷವಷ್ಟೇ ಆಗಿತ್ತು, ವಿಭಾಗದಲ್ಲಿ ಇನ್ನೂ ಲೆಕ್ಕಕ್ಕಿರಲಿಲ್ಲ. ತರಗತಿಯಲ್ಲಿ ಹೇಳುವುದನ್ನು ಹೊರಗೆ ಮಾಡಿ ತೋರಿಸಬೇಕಿತ್ತು. ಮೂರು ದಿನದಿಂದ ಅವರು ನನಗೆ, “ಮೇಡಂ, ಕೆಳಗ ಚಾ ಹೇಳ್ರಿ” ಅನ್ನುತ್ತಿದ್ದರು. ನಾಲ್ಕನೆಯ ದಿನ ನಾನು, ಉಣ್ಣೆ ಕತ್ತರಿಸುವ ಕಾಲ ಇದು, ಯಾರೋ ಕಟ್ಟೆಯಲ್ಲಿ ಕುರಿ ತೊಳೆದರು ಅನ್ನಿ ಅಂದೆ. ಉಳಿದವರು ತಲೆಯಾಡಿಸಿದರು. ಚನ್ನಬಸವ ಮಾತ್ರ, “ಯಾರ ಹೆಸರು ಹೇಳಿದ್ರೂ ಅಂವ ಗುಡಿಗೆ ಬಂದು ಭಂಡಾರ ಮುಟ್ಟಿ ಇಲ್ಲ ಅಂತಾನ. ಅಲ್ಲಿಗೆ ನಮ್ದು ಮುಗೀತೈತಿ” ಅಂದ. ಅವನು ಹೇಳಿದ್ದು ಸರಿಯಾಗಿತ್ತು. ಭಂಡಾರ ಮುಟ್ಟದೆ ಸುಮ್ಮನಿರುವ ಕುರಿಗಾಹಿ ಬೇಕಿತ್ತು. ಅಂಥವನು ನನಗೆ ಒಬ್ಬನೇ ಗೊತ್ತಿದ್ದ.

ಬರೀ ಹೆಸರು ಹೇಳಿದ್ದರೆ ಅವನೂ ಮುಟ್ಟುತ್ತಿದ್ದ. ಅದಕ್ಕೆ ಅವನನ್ನು ಗುಡಿಗೆ ಕರೆಸುವ ಹಿಂದಿನ ಸಂಜೆ ಮೈಲಾರೇಶನನ್ನು ಹಟ್ಟಿಗೆ ಕಳಿಸಿದೆ. “ದೊಡ್ಡಪ್ಪ, ನಿನ್ನ ಹೆಸರು ಹೇಳಿದಾಕಿ ಕೀರ್ತನಾನ” ಅಂತ ಹೇಳಿ ಬಾ, ಬೇರೆ ಏನೂ ಹೇಳಬೇಡ ಅಂದೆ. ದೊಡ್ಡಪ್ಪ ಇಲ್ಲ ಅಂತ ಆಣೆ ಮಾಡಿದರೆ ನಾನು ಸುಳ್ಳಿಯಾಗುತ್ತೇನೆ, ದೇವರ ಸಿಟ್ಟು ನನ್ನ ಮೇಲೆ ತಿರುಗುತ್ತದೆ. ನನಗೆ ಆ ನಂಬಿಕೆ ಇಲ್ಲ. ಅವನಿಗಿತ್ತು. ಅವನ ಮೌನದ ಬಗ್ಗೆ ನೀನು ಎಂಟು ವರ್ಷ ಕೇಳಿದ್ದಕ್ಕೆ ಉತ್ತರ ಇಷ್ಟೇ.

ಆ ದಿನ ನಾನು ಅತ್ತುಬಿಟ್ಟೆ ಅಂತ ಬರೆಯಬೇಕು ಅನಿಸುತ್ತದೆ. ಅಳಲಿಲ್ಲ. ಅವನು ಸುಮ್ಮನೆ ಕೂತ ಸುದ್ದಿ ಬಂದಾಗ ಆ ಆರು ಜನ ಎದ್ದು ನಿಂತು ನನಗೆ ಕೈ ಮುಗಿದರು. ನನಗೆ ಖುಷಿಯಾಯಿತು, ಅಕ್ಕ. ನಾನು ಓದಿದ್ದೆಲ್ಲ ಸರಿ ಅನಿಸಿತು. ಆಮೇಲೆ ಊರಿಗೆ ಬರದೇ ಇದ್ದದ್ದು ನಾಚಿಕೆಯಿಂದ ಅಲ್ಲ. ಅವನು ಏನೂ ಕೇಳದೆ ಎದುರಿಗೆ ಕೂರಿಸಿಕೊಂಡು ರೊಟ್ಟಿ ಹಾಕುತ್ತಾನೆ ಅನ್ನುವ ಭಯದಿಂದ.

ಗುಡಿಗೆ ಬರಲಾರೆ. ಬಂದರೆ ಮೊಬೈಲಿನಲ್ಲಿ ಹಿಡಿದು ಸಂಜೆಯೊಳಗೆ ಊರೂರಿಗೆ ಕಳಿಸುತ್ತಾರೆ. ಈ ಕಾಗದ ನಿನ್ನ ಕೈಲಿದೆ. ಸಮಿತಿಗೆ ಕಳಿಸಿದರೆ ನನ್ನ ಇಪ್ಪತ್ತು ವರ್ಷ ಅಲ್ಲಿಗೆ ಮುಗಿಯುತ್ತದೆ. ಕಳಿಸು, ತಡೆಯುವುದಿಲ್ಲ. ಕಳಿಸುವ ಮುಂಚೆ ದೊಡ್ಡಪ್ಪನಿಗೆ ಒಂದು ಸಲ ಓದಿ ಹೇಳು. ಅವನು ಹೂಂ ಅಂದರೆ ಕಳಿಸು.

ಕೀರ್ತನಾ


ಕಾರೇಕಟ್ಟಿ
16 ಸೆಪ್ಟೆಂಬರ್ 2024

ಕೀರ್ತನಾ,

ಓದಿ ಹೇಳಿದೆ. ನೀನು ಹೇಳಿದ ಹಾಗೇ ಮಾಡಿದೆ ನೋಡು, ನನ್ನಂಥ ದಡ್ಡಿ ಈ ತಾಲೂಕಿನಲ್ಲಿಲ್ಲ.

ಅಪ್ಪ ಮೂರು ಸಲ ಓದಿಸಿದ. ಆಮೇಲೆ ಕಾಗದ ಇಸಿದುಕೊಂಡು, “ಹಳದಿ ಎಲ್ಲೈತಿ?” ಅಂತ ಕೇಳಿದ. ತೋರಿಸಿದೆ. ನಿನ್ನ ಹೆಬ್ಬೆರಳ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟ. “ಬೆರಳು ಸಣ್ಣವ ಅದಾವ ಇನ್ನ” ಅಂದ.

“ಕುಲಪತಿ ಅಂದ್ರ ಏನಲೇ?”

“ಇಡೀ ವಿಶ್ವವಿದ್ಯಾಲಯಕ್ಕ ದೊಡ್ಡೋರು.”

“ಡೀಸಿಗಿಂತನೂ?”

“ಅದಿರ್ಲಿ, ನೀ ಹೂಂ ಅನ್ನಪ್ಪ. ಇದನ್ನ ಕಳಸ್ತೀನಿ, ಅಕಿ ಹೆಂಗ ದೊಡ್ಡಾಕಿ ಆಗ್ತಾಳೋ ನೋಡೂಣು.”

ಅಪ್ಪ ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟ. “ಭಾನುವಾರ ಗುಡಿಗೆ ಕರ್ಕೊಂಡು ಹೋಗು. ಪಂಪಮ್ಮಗೂ ಬಾ ಅನ್ನು. ಈ ಸಲ ಭಂಡಾರ ಮುಟ್ತೀನಿ” ಅಂದ. ನನಗೆ ಏನು ಅನಿಸಿತು ಅಂತ ಬರೆಯಲು ನಾಚಿಕೆಯಾಗುತ್ತದೆ. ಗೆದ್ದೆ ಅನಿಸಿತು. ಮನೆ ಮನೆಗೆ ಹೋಗಿ ಕರೆದೆ. ಎಂಟು ವರ್ಷದ ಸುಳ್ಳು ಭಾನುವಾರ ಬಯಲಿಗೆ ಬೀಳುತ್ತದೆ, ಬರ್ರಿ ಅಂದೆ. ನಿನ್ನ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದೆ, ಅವನು ಇಲ್ಲ ಅಂದ ಕೂಡಲೇ ಎಲ್ಲರ ಮುಂದೆ ಓದಬೇಕು ಅಂತ.

ನಿನ್ನೆ ನೂರು ಜನ ಇದ್ದರು. ಕಂಬಳಿ ಹಾಸಿದರು, ತಟ್ಟೆ ಇಟ್ಟರು. ಅಪ್ಪ ಅಂಗೈ ತುಂಬ ಭಂಡಾರ ಎತ್ತಿಕೊಂಡ.

“ನನ್ನ ಕುರಿನ. ನಾನ ತೊಳದೆ. ಪಂಪಮ್ಮನ ಮೊಮ್ಮಗಳು ಸತ್ತದ್ದಕ್ಕ ನಾನ ಹೊಣಿ” ಅಂದ.

ಪಂಪಮ್ಮ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡು ಅವನ ತಲೆಯ ಮೇಲೆ ತೂರಿದಳು. “ಮಜ್ಜಿಗಿ ಕೊಟ್ಟಿದ್ನಲ್ಲೋ ನಿನಗ” ಅಂದಳು. ಆಮೇಲೆ ಉಳಿದವರೂ ತೂರಿದರು. ನಾನು ಕರೆತಂದ ಜನವೇ.

ದಾರಿಯಲ್ಲಿ ಅಪ್ಪ ಕಣ್ಣಿನ ಮಣ್ಣು ಒರೆಸಿಕೊಳ್ಳುತ್ತ, “ಇನ್ನ ಆ ಕಾಗದ ಯಾರಿಗೆ ಕೊಟ್ರೂ ನಡ್ಯಂಗಿಲ್ಲಲ್ಲ?” ಅಂದ. ನಡೆಯುವುದಿಲ್ಲ ಅಂದೆ. ಆರೋಪ ಹೊತ್ತವನೇ ನೂರು ಜನರ ಮುಂದೆ ಒಪ್ಪಿದ ಮೇಲೆ ನಿನ್ನ ಕಾಗದವನ್ನು ಯಾರು ನಂಬುತ್ತಾರೆ. “ಹಂಗಾರ ಕೂಸಿಗೆ ಕೆಲಸ ಆಗ್ತೈತಿ” ಅಂದ. ಅವನ ಮೈಮೇಲಿನ ಕಂಬಳಿ ಕಿತ್ತು ರಸ್ತೆಗೆ ಎಸೆದೆ. ಸಾಯಿ ಅಂದೆ. ಹೌದು, ಅಂದೆ. ಅವನು ಬಗ್ಗಿ ಕಂಬಳಿ ಎತ್ತಿಕೊಂಡು ನಿಂತು ನಿಂತು ನನ್ನ ಹಿಂದೆ ನಡೆದು ಬಂದ.

ನಿನ್ನ ಪುಸ್ತಕದಲ್ಲಿ ಐದೇ ಮೆಟ್ಟಿಲಿವೆ. ಒಬ್ಬ ಮುದುಕನ ಮಮತೆಯನ್ನು ಎರಡು ಸಲ ಒಂದೇ ಗಾಳಕ್ಕೆ ಸಿಕ್ಕಿಸುವ ವಿದ್ಯೆ ಅದರಲ್ಲಿಲ್ಲ. ಮುಂದಿನ ಮುದ್ರಣಕ್ಕೆ ಸೇರಿಸು. ಎರಡನೆಯ ಸಲ ಆ ಗಾಳ ಹಿಡಿದ ಕೈ ನನ್ನದೇ ಅನ್ನುವುದನ್ನೂ ಬರೆ.

ರೋಜಾ


ಕಾರೇಕಟ್ಟಿ
2 ಡಿಸೆಂಬರ್ 2024

ಕೀರ್ತನಾ,

ಮೊನ್ನೆ ಶನಿವಾರ ಬೆಳಿಗ್ಗೆ ಅಪ್ಪ ತೀರಿಕೊಂಡ. ಹಿಂದಿನ ದಿನದವರೆಗೂ, “ಕೂಸಿನ ಕೆಲಸದ ಸುದ್ದಿ ಪೇಪರಿನ್ಯಾಗ ಬಂತೇನು?” ಅಂತ ಕೇಳುತ್ತಿದ್ದ. ಶುಕ್ರವಾರದ ಪೇಪರಿನಲ್ಲಿ ಬಂದಿತ್ತು, ನಿನ್ನ ಫೋಟೋ ಸಮೇತ. ಬಂದಿಲ್ಲ ಅಂದೆ. ಅಷ್ಟು ಕ್ರೂರಿ ನಾನು, ನೀನು ಒಬ್ಬಳೇ ಅಲ್ಲ. ಅವನು ಅದನ್ನು ಕೇಳದೇ ಹೋದ.

ಹೊರಲು ಗುಡಿಯ ಪೂಜಾರಿಯನ್ನು ಬಿಟ್ಟರೆ ಊರಿನಿಂದ ಯಾರೂ ಬರಲಿಲ್ಲ. ಮೈಲಾರೇಶ ಬಂದಿದ್ದ, ಸಂಬಂಧಿಕನೊಬ್ಬ ಹಡಗಲಿಯಿಂದ ಬಂದ. ನಾಲ್ಕನೆಯ ಹೆಗಲು ನನ್ನದು.

ನಮ್ಮಲ್ಲಿ ಹೆಣಕ್ಕೆ ಭಂಡಾರ ಹಚ್ಚದೆ ಮಣ್ಣು ಮಾಡುವುದಿಲ್ಲ, ನಿನಗೆ ಗೊತ್ತು. ಅಪ್ಪ ಮೊದಲೇ ಹೇಳಿದ್ದ: “ಸುಳ್ಳಾಣಿ ಮಾಡೀನಿ. ನನಗ ಭಂಡಾರ ಹಚ್ಚಬ್ಯಾಡ್ರಿ, ಬೀರಪ್ಪ ಮುಟ್ಟಂಗಿಲ್ಲ.” ಪೂಜಾರಿಯ ಕೈಯಲ್ಲಿ ತಟ್ಟೆ ಇತ್ತು. ನಾನು ಬೇಡ ಅಂದೆ. ಜನ ಅದನ್ನೂ ಅವನ ತಪ್ಪಿನ ಲೆಕ್ಕಕ್ಕೇ ಹಾಕಿಕೊಂಡರು.

ನಿನ್ನ ಕಾಗದ ಅವನ ತಲೆದಿಂಬಿನ ಕೆಳಗಿತ್ತು. ಎದೆಯ ಮೇಲೆ ಇಡು ಅಂತಲೂ ಹೇಳಿದ್ದ. ಇಟ್ಟೆ. ನಿನ್ನ ಬೆರಳಿಗೆ ಹತ್ತಿದ್ದ ಭಂಡಾರವೊಂದೇ ಅವನ ಜೊತೆ ಹೋದದ್ದು. ಆ ಜೆರಾಕ್ಸ್‌ಗಳನ್ನು ಕಳಿಸಲಿಲ್ಲ, ನನ್ನ ಹತ್ತಿರ ಈಗ ಬೇರೆ ಏನೂ ಉಳಿದಿಲ್ಲ. ನೀನು ಹೆದರಬೇಕಾಗಿಲ್ಲ.

ಹನ್ನೊಂದನೆಯ ದಿನ ಡಿಸೆಂಬರ್ 10. ಬಾ ಅಂತ ಕರೆಯುತ್ತಿಲ್ಲ. ತಮ್ಮನ ಮಗಳಿಗೆ ತಿಳಿಸಬೇಕು ಅನ್ನುವ ಪದ್ಧತಿ ಇದೆ, ತಿಳಿಸಿದ್ದೇನೆ. ಆ ಶಾಲನ್ನು ಅಪ್ಪ ಒಮ್ಮೆಯೂ ಹೊದೆಯಲಿಲ್ಲ, ಬೇರೆ ಪಾರ್ಸಲಿನಲ್ಲಿ ಕಳಿಸಿದ್ದೇನೆ.

ರೋಜಾ


ಕುಲಪತಿಗಳ ಕಾರ್ಯಾಲಯ
10 ಜನವರಿ 2025

ಇವರಿಗೆ,
ಶ್ರೀಮತಿ ರೋಜಾ, ಗ್ರಂಥಪಾಲಕರು,
ಗ್ರಾಮ ಪಂಚಾಯ್ತಿ ಗ್ರಂಥಾಲಯ, ಕಾರೇಕಟ್ಟಿ

ಮಾನ್ಯರೇ,

ತಮ್ಮ ದಿನಾಂಕ 2 ಡಿಸೆಂಬರ್ 2024ರ ಪತ್ರ ತಲುಪಿದೆ. ನೂತನ ಕುಲಪತಿಗಳು ಅಧಿಕಾರ ವಹಿಸಿಕೊಂಡ ಸಂದರ್ಭದಲ್ಲಿ ತಾವು ತೋರಿದ ಅಭಿಮಾನಕ್ಕೆ ಹಾಗೂ ಕಳುಹಿಸಿದ ಶಾಲಿಗೆ ಅವರು ಹೃತ್ಪೂರ್ವಕ ಕೃತಜ್ಞತೆಗಳನ್ನು ತಿಳಿಸಿದ್ದಾರೆ.

ಕುಲಪತಿಗಳ ಕೃತಿಯ ಪರಿಷ್ಕೃತ ಮುದ್ರಣದ ಎರಡು ಪ್ರತಿಗಳನ್ನು ತಮ್ಮ ಗ್ರಂಥಾಲಯಕ್ಕೆ ಉಚಿತವಾಗಿ ಕಳುಹಿಸಲಾಗಿದೆ. ತಾವು ಕೋರಿದ್ದಂತೆ ಪುಟ 112ನ್ನು ತಿದ್ದಲಾಗಿದೆ. ತಿದ್ದುಪಡಿಯಾದ ಸಾಲು ಹೀಗಿದೆ: ‘ಎಂಟು ವರ್ಷಗಳ ನಂತರ ಆ ಕುರಿಗಾಹಿಯು ದೈವದ ಸನ್ನಿಧಿಯಲ್ಲಿ, ಯಾರ ಒತ್ತಾಯವೂ ಇಲ್ಲದೆ, ತನ್ನ ತಪ್ಪನ್ನು ಒಪ್ಪಿಕೊಂಡನು.’

ಪುಸ್ತಕಗಳಿಗೆ ಗ್ರಂಥಾಲಯದ ಮುದ್ರೆ ಒತ್ತಿ, ನೋಂದಣಿ ಸಂಖ್ಯೆಯೊಂದಿಗೆ ಸ್ವೀಕೃತಿ ಕಳುಹಿಸಿಕೊಡಬೇಕಾಗಿ ಕೋರಿದೆ.

ತಮ್ಮ ವಿಶ್ವಾಸಿ,
ಸಾರ್ವಜನಿಕ ಸಂಪರ್ಕಾಧಿಕಾರಿ
(ಕುಲಪತಿಗಳ ಆದೇಶದ ಮೇರೆಗೆ)